ಒಂದು ಕಡೆಯ ಮಾತು

ಅಮ್ಮ ತೀರಿಕೊಂಡು ವರ್ಷಾಂತಿಕ ಮುಗಿದ ಮೇಲೆ ಊರಿನ ಹಳೆಯ ಮನೆಯ ಮಾತು ಬಂತು. ನಾವು ಮೂವರು ಮಕ್ಕಳು. ನಾನು ದೊಡ್ಡವಳು, ನಡುವೆ ತಮ್ಮ, ಕೊನೆಗೆ ತಂಗಿ. ಮನೆ ಅಮ್ಮನ ಹೆಸರಿನಲ್ಲಿತ್ತು. ಕಾನೂನು ಕೇಳಿದರೆ ಮೂವರಿಗೂ ಸಮಪಾಲು. ಆದರೆ ಮನೆಯ ಮಾತನ್ನು ಕಾನೂನಿನ ತನಕ ಒಯ್ಯುವುದು ನಮ್ಮಲ್ಲಿ ಯಾರಿಗೂ ಇಷ್ಟವಿರಲಿಲ್ಲ. 'ಅಕ್ಕ ಹೇಳಿದ ಹಾಗೆ ಆಗಲಿ' ಎಂದು ಇಬ್ಬರೂ ಒಪ್ಪಿದರು. ಬ್ಯಾಂಕಿನಲ್ಲಿ 31 ವರ್ಷ ಲೆಕ್ಕ ಬರೆದವಳು, ಒಬ್ಬರ ಪೈಸೆಯನ್ನು ಇನ್ನೊಬ್ಬರ ಖಾತೆಗೆ ಹಾಕಿದವಳಲ್ಲ ಎಂಬ ನಂಬಿಕೆ ಅವರಿಗೆ ನನ್ನ ಮೇಲಿತ್ತು. ನಿಜ ಹೇಳಬೇಕೆಂದರೆ ನನಗೂ ನನ್ನ ಮೇಲೆ ಇತ್ತು.

ಮೂವರೂ ಕೂತು ಮಾತಾಡುವ ಹಿಂದಿನ ರಾತ್ರಿ ತಮ್ಮ ಫೋನು ಮಾಡಿದ. ಒಂದು ಗಂಟೆ ಮಾತಾಡಿದ. ಅಮ್ಮನ ಔಷಧಿಗೆ ಆದ ಖರ್ಚು, ಎರಡು ಮಳೆಗಾಲ ಹೆಂಚು ಹೊದೆಸಿದ ಖರ್ಚು, ಅವನ ಹೆಂಡತಿ ಮಾಡಿದ ಸೇವೆ ಎಲ್ಲ ಹೇಳಿದ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಮಾರನೆಯ ದಿನ ನಾನು ತೀರ್ಮಾನ ಹೇಳಿದೆ. ಮನೆ ತಮ್ಮನಿಗೆ, ನನಗೂ ತಂಗಿಗೂ ಇಂತಿಷ್ಟು ಹಣ. ತಂಗಿ ತಲೆಯಾಡಿಸಿದಳು. ಎಲ್ಲರೂ ಕಾಫಿ ಕುಡಿದೆವು. ಜಗಳವಿಲ್ಲದೆ ಮುಗಿಯಿತಲ್ಲ ಎಂದು ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ನಾಲ್ಕು ವರ್ಷದ ನಂತರ ಒಂದು ಮಧ್ಯಾಹ್ನ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ತಂಗಿ, ತಲೆ ಎತ್ತದೆ ಕೇಳಿದಳು: "ಅವತ್ತು ನೀವಿಬ್ಬರೂ ಮೊದಲೇ ಮಾತಾಡಿಕೊಂಡಿದ್ರಿ, ಅಲ್ವಾ ಅಕ್ಕಾ?" ತಮ್ಮನ ಹೆಂಡತಿ ಯಾವುದೋ ಮಾತಿನ ನಡುವೆ ಹೇಳಿದ್ದಳಂತೆ. ನಾನು ತಡವರಿಸಿ, "ಅವನು ಫೋನು ಮಾಡದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ" ಎಂದೆ. "ಇರಬಹುದು" ಎಂದಳು. ಅಷ್ಟೇ. ಅಕ್ಕಿ ಆರಿಸುವುದನ್ನು ಮುಂದುವರಿಸಿದಳು. ಆ ಒಂದು 'ಇರಬಹುದು' ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತುಬಿಟ್ಟಿತು. ನನ್ನ ತೀರ್ಮಾನ ಸರಿಯಾಗಿದ್ದರೆ ನನಗೇಕೆ ಇಷ್ಟು ಕಸಿವಿಸಿ? ತಪ್ಪಾಗಿದ್ದರೆ ಆ ತಪ್ಪು ಎಲ್ಲಿದೆ?

ಈ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಾಗಲೇ ನನಗೆ ಜಪಾನಿನ ನ್ಯಾಯಾಧೀಶರೊಬ್ಬರ ಪರಿಚಯವಾಯಿತು. ಪರಿಚಯ ಎಂದರೆ ಪುಸ್ತಕದ ಪರಿಚಯ. ತಂಗಿಯ ಮಗಳು ಕಾನೂನು ಓದುತ್ತಿದ್ದಳು. ರಜೆಗೆ ನಮ್ಮ ಮನೆಗೆ ಬಂದವಳು ತನ್ನ ಪುಸ್ತಕಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡಿದ್ದಳು. ಅದರಲ್ಲಿ ಕೋತಾರೋ ತನಾಕಾ ಎಂಬ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದಿತ್ತು. "ಯಾರೇ ಇವರು?" ಎಂದು ಕೇಳಿದೆ. ಆ ರಜೆ ಮುಗಿಯುವ ತನಕ ನಾವಿಬ್ಬರೂ ಅವರ ವಿಷಯವನ್ನೇ ಮಾತಾಡಿದೆವು. ದೂರದ ದೇಶದ ದೊಡ್ಡ ಮನುಷ್ಯನ ಗೊಡವೆ ನಮಗೇಕೆ ಎಂದು ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ, ಆಮೇಲೆ ನೀವೇ ಹೇಳಿ.

ತನಾಕಾ ಹುಟ್ಟಿದ್ದು 1890ರಲ್ಲಿ, ಜಪಾನಿನ ದಕ್ಷಿಣದ ಕಾಗೋಶಿಮಾದಲ್ಲಿ. ಟೋಕಿಯೋ ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ಸ್ವಲ್ಪ ಕಾಲ ಸರಕಾರಿ ನೌಕರಿ ಮಾಡಿ, ಮತ್ತೆ ವಿಶ್ವವಿದ್ಯಾಲಯಕ್ಕೇ ಮರಳಿದರು. ಕೆಲವು ವರ್ಷ ವಿದೇಶಗಳಲ್ಲಿ ಓದಿ ಬಂದು 1923ರಲ್ಲಿ ವಾಣಿಜ್ಯ ಕಾನೂನಿನ ಪ್ರಾಧ್ಯಾಪಕರಾದರು. ಕಂಪನಿ, ಷೇರು, ಚೆಕ್ಕು, ಹುಂಡಿ, ಇವು ಅವರ ಪಾಠದ ವಿಷಯಗಳು. ಕೇಳಿದರೆ ಆಕಳಿಕೆ ಬರುವಂಥವು. ಆದರೆ ಬ್ಯಾಂಕಿನಲ್ಲಿ ಬಿಲ್ಲುಗಳ ವಿಭಾಗದಲ್ಲಿ ಕೂತು ಬಂದ ನನಗೆ ಅಲ್ಲೇ ಅವರ ಮೇಲೆ ಅಕ್ಕರೆ ಹುಟ್ಟಿತು.

ಹುಂಡಿಯ ಬಗೆ ನಿಮಗೂ ಗೊತ್ತಿರುತ್ತದೆ. ಒಬ್ಬ ವ್ಯಾಪಾರಿ ಸರಕು ಕೊಂಡು '90 ದಿನಕ್ಕೆ ಇಷ್ಟು ಹಣ ಕೊಡುತ್ತೇನೆ' ಎಂದು ಒಪ್ಪಿ ಸಹಿ ಹಾಕುತ್ತಾನೆ. ಆ ಕಾಗದ ಕೈಯಿಂದ ಕೈಗೆ ದಾಟುತ್ತ, ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ಹೋಗುತ್ತದೆ. ಕೊನೆಗೆ ಅದನ್ನು ಹಿಡಿದವನು ಮೊದಲು ಸಹಿ ಹಾಕಿದವನ ಮುಖವನ್ನೇ ನೋಡಿರುವುದಿಲ್ಲ. ಭಾಷೆ ಬೇರೆ, ದೇವರು ಬೇರೆ, ರಾಜ ಬೇರೆ. ಆದರೂ ಹಣ ಸಿಗಬೇಕು. ಇದಕ್ಕಾಗಿ 1930ರಲ್ಲಿ ಜಿನೀವಾದಲ್ಲಿ ಹಲವು ದೇಶಗಳು ಕೂಡಿ ಹುಂಡಿಗಳಿಗೆ ಒಂದೇ ಬಗೆಯ ಕಾನೂನು ರೂಪಿಸಿದವು. ಜಪಾನು ಅದರಂತೆ 1932ರಲ್ಲಿ ತನ್ನ ಕಾನೂನು ಮಾಡಿಕೊಂಡಿತು. ಇಂಗ್ಲೆಂಡು ಆ ಗುಂಪಿಗೆ ಸೇರಲಿಲ್ಲ. ಅದರ ದಾರಿಯಲ್ಲೇ ನಡೆದ ನಾವೂ 1881ರ ನಮ್ಮ ಕಾಯಿದೆಯಲ್ಲೇ ಉಳಿದೆವು. ನಾನು ಕೆಲಸಕ್ಕೆ ಸೇರಿದ ದಿನ ನನ್ನ ಕೈಗೆ ಕೊಟ್ಟ ಪುಸ್ತಕವೂ ಅದೇ.

ತನಾಕಾ ಈ ಪುಟ್ಟ ಕಾಗದದಿಂದ ಒಂದು ದೊಡ್ಡ ಯೋಚನೆ ಹುಟ್ಟಿಸಿದರು. ಪರಸ್ಪರ ಮುಖ ನೋಡದವರು ಹಣದ ಮಾತಿನಲ್ಲಿ ಒಂದೇ ಕಾನೂನಿಗೆ ಒಪ್ಪಬಹುದಾದರೆ, ಮನುಷ್ಯರೆಲ್ಲರಿಗೂ ಸಲ್ಲುವ ಕಾನೂನು ಎಂಬುದೊಂದು ಇರಲೇಬೇಕು. ಅದನ್ನು ಯಾವ ಸರಕಾರವೂ ಮಾಡಿದ್ದಲ್ಲ. ವಿವೇಕದಿಂದ ಹುಡುಕಿದರೆ ಸಿಗುವಂಥದು. 1926ರಲ್ಲಿ ಕ್ಯಾಥೊಲಿಕ್ ಮತಕ್ಕೆ ಸೇರಿದ್ದ ಅವರಿಗೆ ಇದು ಧರ್ಮಶ್ರದ್ಧೆಯೂ ಆಗಿತ್ತು. 1932ರಿಂದ 1934ರ ಒಳಗೆ 'ವಿಶ್ವ ಕಾನೂನಿನ ಸಿದ್ಧಾಂತ' ಎಂಬ ಮೂರು ಸಂಪುಟಗಳನ್ನು ಬರೆದರು. ಆ ವರ್ಷಗಳನ್ನು ಗಮನಿಸಿ. 1931ರಲ್ಲಿ ಜಪಾನಿನ ಸೈನ್ಯ ಮಂಚೂರಿಯಾಕ್ಕೆ ನುಗ್ಗಿತ್ತು. 1933ರಲ್ಲಿ ಜಪಾನು ರಾಷ್ಟ್ರಸಂಘವನ್ನು ಬಿಟ್ಟು ಹೊರನಡೆಯಿತು. ದೇಶ ಜಗತ್ತಿನ ಕಡೆ ಬಾಗಿಲು ಹಾಕಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಒಬ್ಬ ಪ್ರಾಧ್ಯಾಪಕ ಜಗತ್ತಿಗೆಲ್ಲ ಒಂದೇ ಕಾನೂನು ಎಂದು ಬರೆಯುತ್ತ ಕೂತಿದ್ದರು. ಅದಕ್ಕೆ ಗುಂಡಿಗೆ ಬೇಕು.

ಯುದ್ಧ ಮುಗಿದು ಜಪಾನು ಸೋತ ಮೇಲೆ, 1946ರ ಮೇ ತಿಂಗಳಲ್ಲಿ ತನಾಕಾ ಶಿಕ್ಷಣ ಮಂತ್ರಿಯಾದರು. ಅದಕ್ಕೆ ಒಂದು ತಿಂಗಳು ಮೊದಲಷ್ಟೇ ಜಪಾನಿನ ಹೆಂಗಸರು ಮೊಟ್ಟಮೊದಲ ಬಾರಿಗೆ ಮತ ಹಾಕಿದ್ದರು. 39 ಹೆಂಗಸರು ಆರಿಸಿ ಬಂದಿದ್ದರು. ತನಾಕಾ ಮಂತ್ರಿಯಾಗಿದ್ದಾಗ ಸಿದ್ಧವಾಗುತ್ತಿದ್ದ ಶಿಕ್ಷಣದ ಮೂಲ ಕಾನೂನು 1947ರ ಮಾರ್ಚಿನಲ್ಲಿ ಜಾರಿಗೆ ಬಂತು. ಅಷ್ಟರಲ್ಲಿ ಅವರು ಅಧಿಕಾರ ಬಿಟ್ಟಿದ್ದರೂ ಅದರ ಹಿಂದೆ ಅವರ ಕೈ ಇತ್ತು. ಗಂಡು ಹೆಣ್ಣು ಎಂಬ ಭೇದವಿಲ್ಲದೆ ಓದುವ ಅವಕಾಶ, ಹುಡುಗ ಹುಡುಗಿಯರು ಒಟ್ಟಿಗೆ ಕೂತು ಕಲಿಯುವ ಅವಕಾಶ ಅದರಲ್ಲಿತ್ತು. 1950ರಲ್ಲಿ ಅವರು ಜಪಾನಿನ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾದರು. ಹತ್ತು ವರ್ಷಕ್ಕೂ ಮೇಲೆ ಆ ಪೀಠದಲ್ಲಿದ್ದು 1960ರಲ್ಲಿ ನಿವೃತ್ತರಾದರು. ಮರುವರ್ಷವೇ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದರು. 1970ರ ತನಕ ಅಲ್ಲಿದ್ದರು.

ಹುಡುಗಿಯ ಪುಸ್ತಕದಲ್ಲಿ ಕೆಂಪು ಗೆರೆ ಎಳೆದಿದ್ದು ಹೇಗ್‌ನಲ್ಲಿ ಅವರು ಬರೆದ ಒಂದು ತೀರ್ಪಿನ ಕೆಳಗೆ. ಆಫ್ರಿಕಾದ ನೈಋತ್ಯದ ಒಂದು ನಾಡನ್ನು, ಅಂದರೆ ಇಂದಿನ ನಮೀಬಿಯಾವನ್ನು, ನೋಡಿಕೊಳ್ಳುವ ಹೊಣೆಯನ್ನು ಮೊದಲ ಮಹಾಯುದ್ಧದ ನಂತರ ದಕ್ಷಿಣ ಆಫ್ರಿಕಾಕ್ಕೆ ಒಪ್ಪಿಸಲಾಗಿತ್ತು. ಆ ಸರಕಾರ ಅಲ್ಲಿಯೂ ವರ್ಣಭೇದ ನೀತಿಯನ್ನು ನಡೆಸಿತು. ಇಂಥ ಬಣ್ಣದವರು ಇಂಥಲ್ಲೇ ಇರಬೇಕು, ಇಂಥ ಕೆಲಸವನ್ನೇ ಮಾಡಬೇಕು ಎಂಬ ಕಟ್ಟಳೆ. ಇದರ ಮೇಲೆ ಇಥಿಯೋಪಿಯಾ ಮತ್ತು ಲೈಬೀರಿಯಾ ದೇಶಗಳು ದಾವೆ ಹೂಡಿದವು. 1966ರ ಜುಲೈ 18ರಂದು ತೀರ್ಪು ಬಂತು. ನ್ಯಾಯಾಧೀಶರು 7ಕ್ಕೆ 7 ಎಂದು ಒಡೆದುಹೋಗಿದ್ದರು. ಅಧ್ಯಕ್ಷರಾಗಿದ್ದ ಆಸ್ಟ್ರೇಲಿಯಾದ ಪರ್ಸಿ ಸ್ಪೆಂಡರ್ ತಮ್ಮ ನಿರ್ಣಾಯಕ ಮತವನ್ನೂ ಹಾಕಿ ದಾವೆಯನ್ನು ತಳ್ಳಿಹಾಕಿದರು. ಆ ಎರಡು ದೇಶಗಳಿಗೆ ಈ ವಿಷಯವನ್ನು ಕೇಳುವ ಹಕ್ಕೇ ಇಲ್ಲ ಎಂಬುದು ಕಾರಣ. ವರ್ಣಭೇದ ಸರಿಯೋ ತಪ್ಪೋ ಎಂಬ ಮಾತಿಗೆ ನ್ಯಾಯಾಲಯ ಹೋಗಲೇ ಇಲ್ಲ.

ತನಾಕಾ ಹೋದರು. ಆಗ ಅವರಿಗೆ 75 ವರ್ಷ. ಬಹುಮತಕ್ಕೆ ವಿರುದ್ಧವಾಗಿ ದೀರ್ಘವಾದ ಭಿನ್ನಮತದ ತೀರ್ಪು ಬರೆದರು. ಅದರ ಸಾರವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಎಲ್ಲರನ್ನೂ ಎಲ್ಲದರಲ್ಲೂ ಒಂದೇ ಬಗೆಯಲ್ಲಿ ಕಾಣುವುದೇ ಸಮಾನತೆ ಅಲ್ಲ. ಮಗುವಿಗೂ ದೊಡ್ಡವರಿಗೂ, ರೋಗಿಗೂ ಗಟ್ಟಿಮುಟ್ಟಾದವರಿಗೂ ವ್ಯತ್ಯಾಸ ಮಾಡಬೇಕಾಗುತ್ತದೆ. ಆದರೆ ವ್ಯತ್ಯಾಸ ಮಾಡುವವನು ಅದಕ್ಕೆ ತಕ್ಕ ಕಾರಣ ತೋರಿಸಬೇಕು. ಹುಟ್ಟಿದ ಕುಲ, ಮೈಬಣ್ಣ ಅಂಥ ಕಾರಣ ಆಗಲಾರದು. ಅದು ಮನುಷ್ಯನ ಮರ್ಯಾದೆಗೆ ಬೀಳುವ ಪೆಟ್ಟು. ಇನ್ನೂ ಒಂದು ಮಾತು ಹೇಳಿದರು. ಭೇದ ಮಾಡುವವನ ಉದ್ದೇಶ ಒಳ್ಳೆಯದೋ ಕೆಟ್ಟದ್ದೋ ಎಂಬುದು ಮುಖ್ಯವಲ್ಲ; ಒಳ್ಳೆಯ ಉದ್ದೇಶ ಇದ್ದ ಮಾತ್ರಕ್ಕೆ ಅನ್ಯಾಯ ನ್ಯಾಯವಾಗುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1971ರಲ್ಲಿ ಅದೇ ನ್ಯಾಯಾಲಯ, ದಕ್ಷಿಣ ಆಫ್ರಿಕಾ ಆ ನಾಡಿನಲ್ಲಿ ಇರುವುದೇ ಕಾನೂನುಬಾಹಿರ ಎಂದಿತು. 1990ರಲ್ಲಿ ನಮೀಬಿಯಾ ಸ್ವತಂತ್ರವಾಯಿತು. ಸೋತ ಪಕ್ಷದಲ್ಲಿ ನಿಂತು ತನಾಕಾ ಬರೆದದ್ದನ್ನು ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಅದನ್ನು ತಿಳಿದ ರಾತ್ರಿ ನನಗೆ ಅವರ ಮೇಲೆ ತುಂಬಾ ಗೌರವ ಬಂತು.

ಮಾರನೆಯ ದಿನ ಹುಡುಗಿ 1950ರ ಕಥೆ ಹೇಳಿದಳು.

ಜಪಾನಿನ ಹಳೆಯ ದಂಡಸಂಹಿತೆಯಲ್ಲಿ ಹೆತ್ತವರ ಮೇಲೆ ಕೈ ಮಾಡಿದವರಿಗೆ ಬೇರೆಯದೇ ಶಿಕ್ಷೆ ಇತ್ತು. ಯಾರನ್ನಾದರೂ ಕೊಂದರೆ ನ್ಯಾಯಾಧೀಶ ಪರಿಸ್ಥಿತಿ ನೋಡಿ ಶಿಕ್ಷೆ ಕಡಿಮೆ ಮಾಡಬಹುದಿತ್ತು. ತಂದೆ, ತಾಯಿ, ಅಜ್ಜ, ಅಜ್ಜಿಯನ್ನು ಕೊಂದರೆ ಮರಣದಂಡನೆ, ಇಲ್ಲವೇ ಜೀವಾವಧಿ. ಗಂಡನ ತಂದೆ ತಾಯಿಯರೂ ಆ ಪಟ್ಟಿಯಲ್ಲಿದ್ದರು. ಅಂದರೆ ಅತ್ತೆ ಮಾವ. ಹೆತ್ತವರೇ ಮಗುವನ್ನು ಕೊಂದರೆ? ಅದಕ್ಕೆ ಹೆಚ್ಚಿನ ಶಿಕ್ಷೆ ಏನೂ ಇರಲಿಲ್ಲ. ಯುದ್ಧಾನಂತರದ ಸಂವಿಧಾನ ಕಾನೂನಿನ ಮುಂದೆ ಎಲ್ಲರೂ ಸಮಾನ ಎಂದು ಸಾರಿತ್ತು. ಹಾಗಾದರೆ ಈ ಕಲಮುಗಳು ನಿಲ್ಲುತ್ತವೆಯೇ? ಜಗಳದಲ್ಲಿ ತಂದೆಯ ಸಾವಿಗೆ ಕಾರಣನಾದ ಮಗನೊಬ್ಬನ ಮೊಕದ್ದಮೆಯಲ್ಲಿ ಈ ಪ್ರಶ್ನೆ 1950ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಬಹುಮತ ನಿಲ್ಲುತ್ತವೆ ಎಂದಿತು. ಹೆತ್ತವರ ಮೇಲಿನ ಮಕ್ಕಳ ಕರ್ತವ್ಯ ಮನುಕುಲಕ್ಕೆಲ್ಲ ಸಲ್ಲುವ ನೀತಿ, ಆದ್ದರಿಂದ ಈ ಭೇದ ತಪ್ಪಲ್ಲ ಎಂದಿತು. ಆ ಬಹುಮತದಲ್ಲಿ ಮುಖ್ಯ ನ್ಯಾಯಾಧೀಶ ತನಾಕಾ ಇದ್ದರು. ಭಿನ್ನಮತ ಬರೆದವರಲ್ಲಿ ಒಬ್ಬರು ಶಿಗೆತೊ ಹೊಜುಮಿ, ಕುಟುಂಬ ಕಾನೂನಿನ ದೊಡ್ಡ ವಿದ್ವಾಂಸರು. ಅವರೇನೂ ಹೆತ್ತವರನ್ನು ಹಗುರವಾಗಿ ಕಂಡವರಲ್ಲ. ಮಾತಾಪಿತೃಗಳ ಭಕ್ತಿ ದೊಡ್ಡದು ನಿಜ, ಆದರೆ ಅದನ್ನು ದಂಡದಿಂದ ಹೊರಿಸಲು ಹೋಗಬಾರದು ಎಂಬುದು ಅವರ ನಿಲುವು.

ಆ ಕಲಮು ಉಳಿದುದರಿಂದ ಏನಾಯಿತು ಎಂಬುದು ಮುಂದೆ ಕಂಡಿತು. ಟೋಕಿಯೋದ ಉತ್ತರಕ್ಕಿರುವ ತೋಚಿಗಿ ಪ್ರಾಂತ್ಯದಲ್ಲಿ 1968ರಲ್ಲಿ ಒಬ್ಬ ಹೆಣ್ಣುಮಗಳು ತನ್ನ ತಂದೆಯನ್ನು ಕೊಂದಳು. ಅವಳು 14 ವರ್ಷದವಳಿದ್ದಾಗಿನಿಂದ ಆ ತಂದೆ ಅವಳನ್ನು ಕೆಡಿಸಿದ್ದ. ಅವನಿಂದಲೇ ಅವಳಿಗೆ ಐದು ಮಕ್ಕಳಾಗಿದ್ದವು. 29 ವರ್ಷಕ್ಕೆ, ಕೆಲಸದ ಜಾಗದಲ್ಲಿ ತನ್ನನ್ನು ಮದುವೆಯಾಗಲು ಒಬ್ಬ ಒಪ್ಪಿದಾಗ, ತಂದೆ ಅವಳನ್ನು ಮನೆಯಲ್ಲಿ ಕೂಡಿಹಾಕಿದ. ಕಾನೂನಿನ ಪುಸ್ತಕದ ಪ್ರಕಾರ ಅವಳು ಪಿತೃಹತ್ಯೆ ಮಾಡಿದ ಪಾಪಿ. ಇರುವ ರಿಯಾಯಿತಿಗಳನ್ನೆಲ್ಲ ಕೊಟ್ಟರೂ ಶಿಕ್ಷೆ ಮೂರೂವರೆ ವರ್ಷಕ್ಕಿಂತ ಕೆಳಗೆ ಇಳಿಯುವಂತಿರಲಿಲ್ಲ. ಮೂರು ವರ್ಷ ಮೀರಿದ ಶಿಕ್ಷೆಯನ್ನು ಅಮಾನತಿನಲ್ಲಿಡಲು ಕಾನೂನು ಬಿಡುತ್ತಿರಲಿಲ್ಲ. ಆ ಅರ್ಧ ವರ್ಷದ ಅಂತರದಲ್ಲಿ ಅವಳ ಬದುಕು ಸಿಕ್ಕಿಕೊಂಡಿತ್ತು. ವಕೀಲರಾದ ಒಬ್ಬ ತಂದೆ ಮತ್ತು ಮಗ ಅವಳ ಪರವಾಗಿ ಒಬ್ಬರ ನಂತರ ಒಬ್ಬರು ವಾದಿಸಿದರು. 1973ರ ಏಪ್ರಿಲ್ 4ರಂದು ಸರ್ವೋಚ್ಚ ನ್ಯಾಯಾಲಯದ 15 ನ್ಯಾಯಾಧೀಶರಲ್ಲಿ 14 ಮಂದಿ ಆ ಕಲಮು ಸಂವಿಧಾನಕ್ಕೆ ವಿರುದ್ಧ ಎಂದರು. ಅವಳಿಗೆ ಎರಡೂವರೆ ವರ್ಷದ ಶಿಕ್ಷೆ, ಅದೂ ಅಮಾನತಿನಲ್ಲಿ. ಅವಳು ಮನೆಗೆ ಹೋದಳು. ಆಗ ತನಾಕಾ ಇನ್ನೂ ಬದುಕಿದ್ದರು, 82 ವರ್ಷ. ಮರುವರ್ಷ ಮಾರ್ಚಿನಲ್ಲಿ ತೀರಿಕೊಂಡರು. ಆ ಕಲಮನ್ನು ಪುಸ್ತಕದಿಂದ ತೆಗೆದು ಹಾಕಿದ್ದು 1995ರಲ್ಲಿ.

ಸಾವಿರಾರು ಮೈಲಿ ದೂರದ ಆಫ್ರಿಕಾದ ಜನರ ಮೇಲೆ ನಡೆದ ಭೇದ ಕಂಡ ಕಣ್ಣಿಗೆ, ತಮ್ಮದೇ ದೇಶದ ಮನೆಯೊಳಗಿನ ಭೇದ ಏಕೆ ಕಾಣಲಿಲ್ಲ? ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಅದೇ. ಅಲ್ಲಿ ಬಣ್ಣ ಎಂಬುದು ಕಾರಣವಲ್ಲ ಎಂದು ಕೇಳಿದವರು, ಇಲ್ಲಿ ತಂದೆ ಎಂಬುದು ಸಾಕಷ್ಟು ಕಾರಣ ಎಂದು ಒಪ್ಪಿಕೊಂಡರು. ಬೈಯಲು ನನಗೆ ಬಾಯಿ ಬರಲಿಲ್ಲ. ತಂದೆ ತಾಯಿ ಎಂದರೆ ಪ್ರಶ್ನೆ ಕೇಳಬಾರದು ಎಂದೇ ನಾವೂ ಬೆಳೆದವರು.

ಮೂರನೆಯ ಕಥೆಯೇ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು. ಟೋಕಿಯೋದ ಪಶ್ಚಿಮಕ್ಕೆ ತಾಚಿಕಾವಾ ಎಂಬಲ್ಲಿ ಅಮೆರಿಕದ ವಿಮಾನ ನೆಲೆ ಇತ್ತು. ಅದನ್ನು ವಿಸ್ತರಿಸಲು ಪಕ್ಕದ ಸುನಾಗಾವಾ ಊರಿನವರ ಜಮೀನು ಬೇಕಾಯಿತು. ಜನ ಎದ್ದು ನಿಂತರು. 1957ರ ಜುಲೈನಲ್ಲಿ ಪ್ರತಿಭಟನೆಯ ನಡುವೆ ಕೆಲವರು ಬೇಲಿ ದಾಟಿ ನೆಲೆಯ ಒಳಗೆ ಒಂದಿಷ್ಟು ದೂರ ಹೋದರು. 7 ಮಂದಿಯ ಮೇಲೆ ಮೊಕದ್ದಮೆ ಹಾಕಿದರು. 1959ರ ಮಾರ್ಚ್ 30ರಂದು ಟೋಕಿಯೋ ಜಿಲ್ಲಾ ನ್ಯಾಯಾಲಯದ ನ್ಯಾಯಾಧೀಶ ಅಕಿಯೋ ದಾತೆ ಅವರನ್ನೆಲ್ಲ ಬಿಡುಗಡೆ ಮಾಡಿದರು. ಯುದ್ಧವನ್ನೇ ತ್ಯಜಿಸಿದ ಸಂವಿಧಾನದ 9ನೆಯ ವಿಧಿಯ ಪ್ರಕಾರ ಅಮೆರಿಕದ ಸೈನ್ಯ ಅಲ್ಲಿರುವುದೇ ಸರಿಯಲ್ಲ ಎಂದರು. ಸರಕಾರ ಬೆಚ್ಚಿಬಿತ್ತು. ಅಮೆರಿಕದೊಡನೆ ಹೊಸ ಭದ್ರತಾ ಒಪ್ಪಂದದ ಮಾತುಕತೆ ನಡೆಯುತ್ತಿದ್ದ ಕಾಲ ಅದು. ನಡುವಿನ ಉಚ್ಚ ನ್ಯಾಯಾಲಯವನ್ನು ದಾಟಿ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಹೋಯಿತು. ಡಿಸೆಂಬರ್ 16ರಂದು ತನಾಕಾ ಅವರ ನ್ಯಾಯಾಲಯ ಒಂದೇ ಒಂದು ಭಿನ್ನ ಸ್ವರವಿಲ್ಲದೆ ಆ ತೀರ್ಪನ್ನು ರದ್ದು ಮಾಡಿತು. ಇಂಥ ಒಪ್ಪಂದಗಳು ಮೇಲ್ನೋಟಕ್ಕೇ ಸಂವಿಧಾನ ವಿರೋಧಿ ಎಂದು ಕಾಣದ ಹೊರತು ನ್ಯಾಯಾಲಯ ಅದರಲ್ಲಿ ಕೈ ಹಾಕುವುದಿಲ್ಲ ಎಂದಿತು. ಒಂದು ತಿಂಗಳ ಮೇಲೆ, 1960ರ ಜನವರಿ 19ರಂದು, ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಆ ಏಳು ಜನರಿಗೆ ಕೊನೆಗೆ ಆದ ಶಿಕ್ಷೆ ತಲಾ 2,000 ಯೆನ್ ದಂಡ.

ಇಷ್ಟಕ್ಕೇ ಮುಗಿದಿದ್ದರೆ ಅದು ಒಪ್ಪುವವರು ಒಪ್ಪುವ, ಒಪ್ಪದವರು ಒಪ್ಪದ ಒಂದು ತೀರ್ಪು. ಆದರೆ 2008ರಲ್ಲಿ ಅಮೆರಿಕದ ಸರಕಾರಿ ದಫ್ತರದಿಂದ ಹಳೆಯ ಕಾಗದಗಳು ಹೊರಬಂದವು. ಮುಂದಿನ ವರ್ಷಗಳಲ್ಲಿ ಇನ್ನಷ್ಟು ಬಂದವು. ಮೊಕದ್ದಮೆ ತಮ್ಮ ಮುಂದೆ ಇದ್ದಾಗಲೇ ತನಾಕಾ ಅಮೆರಿಕದ ರಾಯಭಾರಿಯೊಡನೆ ಖಾಸಗಿಯಾಗಿ ಮಾತಾಡಿದ್ದು ಅವುಗಳಲ್ಲಿ ಬರೆದಿತ್ತು. ಈ ಮೊಕದ್ದಮೆಗೆ ಆದ್ಯತೆ ಕೊಟ್ಟಿದ್ದೇವೆ, ಇಷ್ಟು ತಿಂಗಳು ಹಿಡಿಯಬಹುದು ಎಂದು ಹೇಳಿದ್ದರು. ರಾಯಭಾರ ಕಚೇರಿಯ ಇನ್ನೊಬ್ಬ ಅಧಿಕಾರಿಗೆ, ತೀರ್ಪು ಡಿಸೆಂಬರಿನಲ್ಲಿ ಬರಬಹುದು, ಎಲ್ಲರೂ ಒಮ್ಮತದಿಂದ ಹೇಳಿ ಜನರ ಮನಸ್ಸನ್ನು ಕಲಕುವ ಭಿನ್ನಮತಗಳು ಬಾರದೆ ಇದ್ದರೆ ಒಳ್ಳೆಯದು ಎಂದು ತಮ್ಮ ಆಸೆಯನ್ನೂ ಹೇಳಿಕೊಂಡಿದ್ದರು. ಅಮೆರಿಕ ಆ ಮೊಕದ್ದಮೆಯಲ್ಲಿ ಕಾಗದದ ಮೇಲೆ ಕಕ್ಷಿ ಅಲ್ಲ. ಆದರೆ ಬೇಲಿ ಯಾರದು ಎಂದು ಎಲ್ಲರಿಗೂ ಗೊತ್ತಿತ್ತು.

"ಎಂಥ ಢೋಂಗಿ ಮನುಷ್ಯ ನೋಡಿ ದೊಡ್ಡಮ್ಮ!" ಎಂದಳು ಹುಡುಗಿ. ಅವಳ ವಯಸ್ಸಿಗೆ ಹಾಗೆ ಅನ್ನಿಸುವುದು ಸಹಜ. ನನಗೆ ಹಾಗೆ ಅನ್ನಿಸಲಿಲ್ಲ. ಢೋಂಗಿಯಾಗಿದ್ದರೆ ಸುಲಭವಿತ್ತು. ಆ ಮನುಷ್ಯ ಲಂಚ ತೆಗೆದುಕೊಂಡವರಲ್ಲ, ಹೆದರಿ ನಡೆದವರಲ್ಲ. ಕಮ್ಯುನಿಸಂ ದೊಡ್ಡ ಅಪಾಯ ಎಂದು ಮನಸಾರೆ ನಂಬಿದ್ದರು. ದೇಶ ಒಡೆಯಬಾರದು, ನ್ಯಾಯಾಲಯ ಒಂದೇ ಮಾತು ಹೇಳಬೇಕು ಎಂದು ಬಯಸಿದ್ದರು. ರಾಯಭಾರಿ ಹೇಳಿಕೊಟ್ಟದ್ದನ್ನು ಅವರು ಬರೆದರು ಎಂದು ನಾನು ಎಣಿಸಲಾರೆ. ಯಾರೊಡನೆಯೂ ಮಾತಾಡದಿದ್ದರೂ ಅವರು ಅದನ್ನೇ ಬರೆಯುತ್ತಿದ್ದರೇನೋ.

ಇಷ್ಟು ಹೇಳುವಾಗಲೇ ನನ್ನ ಬಾಯಿಯ ಮಾತು ನನಗೇ ಕೇಳಿಸಿತು. 'ಅವನು ಫೋನು ಮಾಡದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ.' ಎದುರಿಗೆ ಕೂತವಳು ತಂಗಿಯ ಮಗಳು. ನಾನು ಏನೋ ನೆಪ ಹೇಳಿ ಎದ್ದು ಒಳಗೆ ಹೋದೆ.

ಆ ಮೇಲೆ ತುಂಬಾ ದಿನ ಯೋಚಿಸಿದೆ. ತೀರ್ಪು ಹೇಗಿದ್ದರೂ ಅದೇ ಆಗುತ್ತಿತ್ತು ಎಂದಾದರೆ, ಮೊದಲೇ ಒಬ್ಬರೊಡನೆ ಮಾತಾಡಿದ್ದರಲ್ಲಿ ಯಾರಿಗೆ ಏನು ನಷ್ಟ? ನನಗೆ ತೋಚಿದ್ದು ಇಷ್ಟು. ಇನ್ನೊಂದು ಕಡೆಯವರಿಲ್ಲದಾಗ ಒಂದು ಕಡೆಯವರೊಡನೆ ಮಾತಾಡಬಾರದು ಎಂಬ ನಿಯಮ ಕೆಟ್ಟವರಿಗಾಗಿ ಮಾಡಿದ್ದಲ್ಲ. ಕೆಟ್ಟವರು ನಿಯಮವನ್ನು ಹೇಗೂ ಮುರಿಯುತ್ತಾರೆ. ಅದು ಇರುವುದು ಒಳ್ಳೆಯವರಿಗಾಗಿ. ತನ್ನ ಮನಸ್ಸಿನ ಮೇಲೆ ನಂಬಿಕೆ ಇರುವವನೇ 'ಒಂದು ಮಾತು ಕೇಳಿದರೆ ನನಗೇನಾಗುತ್ತದೆ' ಎಂದು ಬಾಗಿಲು ತೆರೆಯುತ್ತಾನೆ. ಒಮ್ಮೆ ತೆರೆದ ಮೇಲೆ, ಆ ಮಾತಿನಿಂದ ತನ್ನ ಮನಸ್ಸು ಎಷ್ಟು ವಾಲಿತು ಎಂದು ಅಳೆಯುವ ತಕ್ಕಡಿ ಅವನ ಬಳಿ ಇರುವುದಿಲ್ಲ. ಏಕೆಂದರೆ ವಾಲಿದ್ದು ಆ ತಕ್ಕಡಿಯೇ. ಅವರು ಬೇರೆ ತೀರ್ಪು ಕೊಡುತ್ತಿದ್ದರೇ ಎಂದು ಇವತ್ತು ಯಾರಿಗೂ ಹೇಳಲಾಗದು. ಹಾಗೆ ಹೇಳಲಾಗದ ಸ್ಥಿತಿಗೆ ತಂದದ್ದೇ ಅಲ್ಲಿನ ಅನ್ಯಾಯ. ಆ ಏಳು ಜನರಲ್ಲಿ ಬದುಕಿದ್ದವರು 2008ರ ಹೊತ್ತಿಗೆ ಮುದುಕರಾಗಿದ್ದರು. 2,000 ಯೆನ್ ದಂಡವನ್ನು ಅವರು ಎಂದೋ ಮರೆತಿರಬಹುದು. ಅರ್ಧ ಶತಮಾನ ಕಳೆದ ಮೇಲೆ, ತಮ್ಮ ಮಾತು ನಿಜವಾಗಿ ಯಾರಾದರೂ ಕೇಳಿದ್ದರೇ ಎಂಬ ಸಂಶಯವನ್ನು ಮಾತ್ರ ಹೊಸದಾಗಿ ಹೊರಬೇಕಾಯಿತು. ನಮಗೆ ನಿಷ್ಪಕ್ಷಪಾತವಾದ ವಿಚಾರಣೆ ಸಿಗಲಿಲ್ಲ ಎಂದು ಅವರ ಕಡೆಯವರು ಮತ್ತೆ ದಾವೆ ಹೂಡಿದರು. 2024ರ ಜನವರಿಯಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸೋತವನಿಗೆ ಸೋಲನ್ನು ಒಪ್ಪಿಕೊಳ್ಳಲು ಒಂದು ಸಮಾಧಾನ ಬೇಕು: ನನ್ನ ಮಾತನ್ನೂ ಕೇಳಿದರು ಎಂಬ ಸಮಾಧಾನ. ಅದನ್ನು ಕಸಿದ ಮೇಲೆ ಸರಿಯಾದ ತೀರ್ಪೂ ಅವನ ಪಾಲಿಗೆ ಸರಿಯಲ್ಲ.

ಇನ್ನೊಂದೂ ತೋಚಿತು. ಆಫ್ರಿಕಾದ ಮೊಕದ್ದಮೆಯಲ್ಲಿ ತನಾಕಾ ಅಷ್ಟು ಸ್ಪಷ್ಟವಾಗಿ ನೋಡಿದರಲ್ಲ, ಅಲ್ಲಿ ಅವರಿಗೆ ಯಾರೂ ಹತ್ತಿರದವರಿರಲಿಲ್ಲ. ಹತ್ತಿರ ಎಂದರೆ ತಂದೆ, ತನ್ನ ದೇಶ, ತನ್ನ ದೇಶವನ್ನು ಕಾಯುತ್ತಾರೆ ಎಂದು ತಾನು ನಂಬಿದವರು. ನನಗಾದರೆ ತಮ್ಮ. ದೂರದವರಿಗೆ ನ್ಯಾಯ ಹೇಳಲು ಬುದ್ಧಿ ಸಾಕು. ಹತ್ತಿರದವರಿಗೆ ಹೇಳಲು ಬುದ್ಧಿ ಸಾಲದು. ಕಟ್ಟುನಿಟ್ಟಾದ ಶಿಸ್ತು ಬೇಕು. ಒಳ್ಳೆಯ ಉದ್ದೇಶ ಅನ್ಯಾಯವನ್ನು ನ್ಯಾಯ ಮಾಡುವುದಿಲ್ಲ ಎಂದು 1966ರಲ್ಲಿ ಬರೆದರಲ್ಲ, ಆ ಅಳತೆಗೋಲಿನಿಂದ ಅಳೆದರೆ 1959ರ ತನಾಕಾ ತಪ್ಪಿತಸ್ಥರೇ. ಅಳತೆಗೋಲು ಕೊಟ್ಟವರೂ ಅವರೇ. ಅದಕ್ಕಾಗಿ ನಾನು ಅವರಿಗೆ ಋಣಿ.

ಒಂದು ಒಳ್ಳೆಯದರಿಂದ ಇನ್ನೊಂದು ಕೆಟ್ಟದ್ದು ವಜಾ ಆಗುತ್ತದೆಯೇ? ಬ್ಯಾಂಕಿನ ಖಾತೆಯಲ್ಲಾದರೆ ಜಮೆಯಲ್ಲಿ ಖರ್ಚು ಕಳೆದು ಬಾಕಿ ಎಷ್ಟೆಂದು ಕೆಳಗೆ ಬರೆಯುತ್ತೇವೆ. ಮನುಷ್ಯನ ಲೆಕ್ಕ ಹಾಗೆ ಬರೆಯಲು ಬರುವುದಿಲ್ಲ. ಆಫ್ರಿಕಾದವರಿಗಾಗಿ ಬರೆದದ್ದು ಅವರ ಹೆಸರಿನಲ್ಲಿ ಪೂರ್ತಿಯಾಗಿ ನಿಲ್ಲಲಿ. ಸುನಾಗಾವಾದ ಏಳು ಜನರ ಬಾಕಿಯೂ ಪೂರ್ತಿಯಾಗಿ ನಿಲ್ಲಲಿ. ಎರಡೂ ಬೇರೆ ಬೇರೆಯವರಿಗೆ ಸಲ್ಲಬೇಕಾದದ್ದು. ನಾನು ತಮ್ಮನ ಮಕ್ಕಳ ಓದಿಗೆ ಎಷ್ಟು ಸಹಾಯ ಮಾಡಿದ್ದರೂ ತಂಗಿಯ ಬಾಕಿ ತೀರುವುದಿಲ್ಲ ಎಂದು ಆಗ ನನಗೆ ಅರ್ಥವಾಯಿತು.

ಮುಂದಿನ ಹಬ್ಬಕ್ಕೆ ತಂಗಿ ಬಂದಾಗ ನಾನೇ ಮಾತು ತೆಗೆದೆ. ಹೌದು, ಹಿಂದಿನ ರಾತ್ರಿ ಅವನು ಒಂದು ಗಂಟೆ ಮಾತಾಡಿದ್ದ, ನಿನಗೆ ಹೇಳಬೇಕಿತ್ತು, ಹೇಳಲಿಲ್ಲ, ತಪ್ಪಾಯಿತು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಮನೆ ಅಣ್ಣನಿಗೇ ಹೋಗಬೇಕಿತ್ತು ಅಕ್ಕ. ಅಮ್ಮನನ್ನು ನೋಡಿಕೊಂಡವನು ಅವನು. ನಾನು ಅದನ್ನೇ ಹೇಳಬೇಕು ಅಂತ ಬಂದಿದ್ದೆ. ನೀನು ಕೇಳಲೇ ಇಲ್ಲ."

ತೀರ್ಮಾನ ಸರಿಯೇ ಆಗಿತ್ತು. ಬಿಟ್ಟುಕೊಡುವ ದೊಡ್ಡತನ ಅವಳದಾಗಬೇಕಿತ್ತು. ಅದನ್ನು ನಾನು ಅವಳ ಕೈಯಿಂದ ಕಿತ್ತುಕೊಂಡಿದ್ದೆ.

ಈಗ ಮಗ ಒಬ್ಬನೇ ಫೋನು ಮಾಡಿ ಹೆಂಡತಿಯ ಮೇಲೆ ಹೇಳಲು ಹೊರಟರೆ, "ಅವಳೂ ಇರುವಾಗ ಹೇಳಪ್ಪ" ಎನ್ನುತ್ತೇನೆ. ಸೊಸೆ ಒಬ್ಬಳೇ ಬಂದು ಹೇಳಿದರೂ ಅದೇ ಉತ್ತರ. ಇಬ್ಬರಿಗೂ ನನ್ನ ಮೇಲೆ ಸ್ವಲ್ಪ ಸಿಟ್ಟಿದೆ. ಹತ್ತರಲ್ಲಿ ನಾಲ್ಕು ಸಲ ನಾನೂ ತಪ್ಪುತ್ತೇನೆ, ಕಿವಿಗೆ ಬೀಗ ಹಾಕಲು ಆಗುವುದಿಲ್ಲವಲ್ಲ. ತಪ್ಪಿದ ದಿನ ಮಾತ್ರ ಇನ್ನೊಬ್ಬರನ್ನು ಕರೆದು, "ನೋಡು, ನನಗೆ ಆಗಲೇ ಒಂದು ಕಡೆಯ ಮಾತು ಕೇಳಿಯಾಗಿದೆ" ಎಂದು ಮೊದಲು ಹೇಳಿಬಿಡುತ್ತೇನೆ.